ಮಂಡಿಚಿಪ್ಪು

ಬಸ್ಸು ಹತ್ತುವಾಗ ಮಾವ ಇನ್ನೊಮ್ಮೆ ಕೇಳಿದ್ದರೆ ತಿರ್ಜಾ ನಿಜ ಹೇಳಿಬಿಡುತ್ತಿದ್ದಳೇನೋ. ಅವರು ಕೇಳಲಿಲ್ಲ. ನಿನ್ನೆ ಫೋನಿನಲ್ಲಿ ಕೇಳಿದ್ದರು, ಅವಳು ಉತ್ತರ ಕೊಟ್ಟಿದ್ದಳು, ಅವರ ಮಟ್ಟಿಗೆ ಅದು ಅಲ್ಲಿಗೆ ಮುಗಿದಿತ್ತು. “ಆ ಸಂಗ್ರಹಾಲಯದಲ್ಲಿ ಸತ್ತವರ ಮೈಯದ್ದು ಏನಾದ್ರೂ ಇಟ್ಟಿದ್ದಾರೇನಮ್ಮ?” “ಏನೂ ಇಲ್ಲ ಮಾವ. ಬರೀ ಟೋಪಿ, ಪದಕ, ಫೋಟೋ.” ಎಪ್ಪತ್ತು ದಾಟಿದ ಮಾವ, ಮ್ಯಾನಿ ರಾಪಪೋರ್ಟ್, ಯಾವ ಹೊಸ ಕಟ್ಟಡದೊಳಗೆ ಕಾಲಿಡುವ ಮೊದಲೂ ಕೇಳುವ ಪ್ರಶ್ನೆ ಅದು, ಬೇರೆ ಮುದುಕರು ಬಚ್ಚಲು ಎಲ್ಲಿದೆ ಎಂದು ಕೇಳುವಷ್ಟೇ ಸಹಜವಾಗಿ. ರಾಪಪೋರ್ಟರದ್ದು ಯೆಹೂದಿಗಳಲ್ಲಿ ಕೋಹೆನರ ಮನೆತನ, ಜೆರುಸಲೇಮಿನಲ್ಲಿ ದೇಗುಲವಿದ್ದ ಕಾಲಕ್ಕೆ ಪೂಜೆಗೆ ನಿಂತವರ ಕುಲ. ದೇಗುಲ ಸುಟ್ಟು ಎರಡು ಸಾವಿರ ವರ್ಷವಾದರೂ ಮಡಿ ಮಾತ್ರ ಉಳಿದುಕೊಂಡಿದೆ. ಕೋಹೆನನಾದವನು ಹೆಣ ಮುಟ್ಟುವಂತಿಲ್ಲ, ಹೆಣವಿರುವ ಸೂರಿನ ಕೆಳಗೆ ನಿಲ್ಲುವಂತಿಲ್ಲ, ಸಮಾಧಿಗಳ ನಡುವೆ ನಡೆಯುವಂತಿಲ್ಲ. ಮ್ಯಾನಿ ಇದನ್ನು ಬೇರೆಯವರ ಮೇಲೆ ಹೇರುತ್ತಿರಲಿಲ್ಲ, ಇದರ ಬಗ್ಗೆ ಉಪದೇಶ ಮಾಡುತ್ತಿರಲಿಲ್ಲ. ಕೇಳುತ್ತಿದ್ದರು, ಇದೆ ಎಂದರೆ ಹೊರಗೆ ನಿಲ್ಲುತ್ತಿದ್ದರು, ಅಷ್ಟೆ.

ಇವತ್ತು ಅವರು ಶನಿವಾರದ ಪ್ರಾರ್ಥನೆಗೆಂದು ಇಟ್ಟ ಸಬ್ಬತ್ತಿನ ಕೋಟು ಹಾಕಿಕೊಂಡು, ಹ್ಯಾಟಿಗೆ ಬ್ರಷ್ ಹೊಡೆದು, ಎಲ್ಲರಿಗಿಂತ ಮೊದಲು ಬಂದು ಪ್ರಾರ್ಥನಾ ಮಂದಿರವಾದ ಸಿನಗಾಗಿನ ಮೆಟ್ಟಿಲ ಮೇಲೆ ನಿಂತಿದ್ದರು. ಮಾರ್ಚಿನ ಬಿಸಿಲು ಇತ್ತೋ ಇಲ್ಲವೋ ಎಂಬಂತೆ ಇಲ್ಫರ್ಡಿನ ಹೆಂಚುಗಳ ಮೇಲೆ ಬಿದ್ದಿತ್ತು. ಬುಧವಾರದ ಕೂಟದ ಮುದುಕ ಮುದುಕಿಯರು ಕೋಲು, ಚೀಲ, ಮಡಚುವ ಛತ್ರಿಗಳ ಸಮೇತ ಬಾಡಿಗೆ ಬಸ್ಸಿಗೆ ಮುತ್ತಿಗೆ ಹಾಕಿದ್ದರು. ಬ್ಲೂಮಾ ಶಿಂಡ್ಲರ್ ಮಡಿಲಲ್ಲಿ ಮೀನುಂಡೆಯ ದೊಡ್ಡ ಡಬ್ಬಿ ಹಿಡಿದು ಮೊದಲ ಸೀಟಿನಲ್ಲಿ ಆಗಲೇ ಸ್ಥಾಪಿತಳಾಗಿದ್ದಳು.

“ಏನ್ರೀ ರಾಪಪೋರ್ಟ್, ಹೆಣ್ಣು ನೋಡೋಕೆ ಹೊರಟ ಹಾಗಿದೆ?”

“ಹೆಣ್ಣು ನೋಡಿದ್ದು ಐವತ್ತು ವರ್ಷದ ಹಿಂದೆ. ನಿನ್ನನ್ನೇ. ನೋಡಿ ಬೇಡ ಅಂದೆ.”

“ಬೇಡ ಅಂದಿದ್ದು ನಾನು! ತಿರ್ಜಾ, ಕೇಳಿಸ್ಕೊಂಡ್ಯಾ ನಿಮ್ಮ ಮಾವನ ಸುಳ್ಳು?”

ತಿರ್ಜಾ ನಕ್ಕ ಹಾಗೆ ಮಾಡಿದಳು. ಸುಳ್ಳು ಎಂಬ ಮಾತು ಬಸ್ಸಿನಲ್ಲಿ ಸ್ವಲ್ಪ ಹೊತ್ತು ಸುತ್ತಾಡಿ ಅವಳ ಪಕ್ಕದ ಖಾಲಿ ಸೀಟಿನಲ್ಲಿ ಕೂತಂತಾಯಿತು. ಮ್ಯಾನಿ ಬಂದು ಅದರ ಮೇಲೆ ಕೂತರು. ಕೂತು, ಹ್ಯಾಟು ತೆಗೆಯದೆ, ಕಿಟಕಿಯಾಚೆ ನೋಡುತ್ತ, ಅವಳಿಗಷ್ಟೇ ಕೇಳುವಂತೆ, “ಲೂಯಿ ಫೋಟೋನ ಗೋಡೆ ಮೇಲೆ ಹಾಕಿದ್ದಾರಾ, ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರಾ?” ಎಂದರು. ಗೋಡೆ ಮೇಲೆ, ಎಂದಳು. ಇದಂತೂ ನಿಜ. ಅವರ ಅಣ್ಣ ಲೂಯಿ ಯುದ್ಧದಲ್ಲಿ, ಇಟಲಿಯಲ್ಲಿ ಸತ್ತಿದ್ದ, ಇಪ್ಪತ್ತೆರಡನೇ ವಯಸ್ಸಿನಲ್ಲಿ. ಅವನಿದ್ದ ದಳದ ಫುಟ್ಬಾಲ್ ತಂಡದ ಫೋಟೋ ಒಂದನ್ನು ಮ್ಯಾನಿ ಮನೆಯ ನಡುಮನೆಯಿಂದ ಇಳಿಸಿ ಆರು ತಿಂಗಳ ಹಿಂದೆ ಅಂಚೆಯಲ್ಲಿ ಆ ಸಂಗ್ರಹಾಲಯಕ್ಕೆ ಕಳಿಸಿಕೊಟ್ಟಿದ್ದರು. ಯಾಕೆ ಕೊಟ್ಟಿರಿ ಎಂದು ಅವಳು ಕೇಳಿದಾಗ, ನನ್ನ ನಂತರ ಯಾರು ಇಟ್ಕೋತಾರೆ, ಎಂದಿದ್ದರು. ಆಮೇಲೆ ತಾವು ಏನಂದೆವು ಎಂಬುದು ಹೊಳೆದು, ಫ್ರಿಜ್ ತೆಗೆದು ಅದರೊಳಗೆ ತುಂಬಾ ಹೊತ್ತು ಏನನ್ನೋ ಹುಡುಕಿದ್ದರು.

ಮ್ಯಾನಿಗೆ ಒಬ್ಬನೇ ಮಗ, ತಿರ್ಜಾಳ ಗಂಡ ಆಡ್ರಿಯನ್. ಅವನಿಗೆ ಹನ್ನೆರಡಾಗಿದ್ದಾಗ ತಾಯಿ ದಂತವೈದ್ಯನೊಬ್ಬನ ಜೊತೆ ಕೇಪ್‌ಟೌನಿಗೆ ಹೋಗಿದ್ದಳು. ತಂದೆ ಮಗ ಇಬ್ಬರೇ ಬೇಯಿಸಿಕೊಂಡು, ಬಟ್ಟೆ ಒಗೆದುಕೊಂಡು, ರವಿವಾರ ಊರು ಸುತ್ತಿಕೊಂಡು ಬೆಳೆದವರು. ಇಬ್ಬರೂ ಬೆಳೆದವರು ಎಂದೇ ಆಡ್ರಿಯನ್ ಹೇಳುತ್ತಿದ್ದ. ದೊಡ್ಡ ಮ್ಯೂಸಿಯಮ್ಮಿನ ಮೆಟ್ಟಿಲವರೆಗೆ ಅಪ್ಪ ಕರೆದುಕೊಂಡು ಹೋಗುತ್ತಿದ್ದರಂತೆ, ಒಳಗೆ ಈಜಿಪ್ಟಿನ ಹೆಣಗಳಿವೆಯಲ್ಲ, ಹಾಗಾಗಿ ಮೆಟ್ಟಿಲ ಮೇಲೆ ಕೂತು ಐಸ್‌ಕ್ರೀಂ ತಿಂದು, ಒಳಗಿರುವುದನ್ನೆಲ್ಲ ಅಪ್ಪ ಪುಸ್ತಕ ನೋಡಿ ಓದಿ ಹೇಳಿ, ಮನೆಗೆ ವಾಪಸ್ಸು. ತಿರ್ಜಾಳ ಜೊತೆ ಮೊದಲ ಸಲ ಸುತ್ತಾಡಲು ಬಂದಾಗ ಅವನು ನೇರವಾಗಿ ಆ ಹೆಣಗಳ ಕೋಣೆಗೇ ಕರೆದುಕೊಂಡು ಹೋಗಿದ್ದ. ಸಾಲಾಗಿ ಮಲಗಿದ್ದವರ ಮುಂದೆ ನಿಂತು, “ನಿಮ್ಮನ್ನೆಲ್ಲ ಕೇಳಿದೆ ಅಂತ ಹೇಳು ಅಂದಿದ್ದಾರೆ ಅಪ್ಪ,” ಎಂದು ಕೈ ಬೀಸಿದ್ದ. ಮನೆಗೆ ಹೋಗಿ ಅದನ್ನು ಅಪ್ಪನಿಗೂ ಹೇಳಿದ್ದ. ಅಪ್ಪ, ಏನಂದ್ರು ಅವರು, ಎಂದು ಕೇಳಿದ್ದರಂತೆ. ಮುಚ್ಚಿಡುವುದು ಅವರಿಬ್ಬರಿಗೂ ಬರುತ್ತಿರಲಿಲ್ಲ. ಆ ಮನೆಗೆ ಮುಚ್ಚಿಡುವ ಕಲೆಯನ್ನು ತಂದವಳು ತಾನೇ ಎಂದು ತಿರ್ಜಾಳಿಗೆ ಈಚೆಗೆ ಅನ್ನಿಸುತ್ತಿತ್ತು.

ಆಡ್ರಿಯನ್ ಹೋದ ವರ್ಷ ಏಪ್ರಿಲ್‌ನಲ್ಲಿ ಸತ್ತ. ಕಚೇರಿಯ ಮೆಟ್ಟಿಲ ಮೇಲೆ, ಕೈಯಲ್ಲಿ ಅರ್ಧ ತಿಂದ ಸೇಬು. ತಂದೆಯಾದವನು ಮಗನ ಹೆಣದ ಹತ್ತಿರ ಹೋಗಬಹುದು, ಹೋಗಲೇಬೇಕು ಎನ್ನುತ್ತದೆ ಶಾಸ್ತ್ರ, ಕೋಹೆನನಾದರೂ. ಮಣ್ಣು ಮುಚ್ಚುವವರೆಗೆ ಮಾತ್ರ. ಮ್ಯಾನಿ ಅವತ್ತು ಎಲ್ಲರಿಗಿಂತ ಹೆಚ್ಚು ಮಣ್ಣು ಹಾಕಿದರು. ಸಲಿಕೆಯನ್ನು ಕೈಯಿಂದ ಕೈಗೆ ಕೊಡುವ ಹಾಗಿಲ್ಲ, ನೆಲಕ್ಕೆ ಚುಚ್ಚಿಡಬೇಕು, ಮುಂದಿನವನು ತೆಗೆದುಕೊಳ್ಳಬೇಕು. ಅವರು ಚುಚ್ಚಿಟ್ಟು, ಯಾರೂ ಬರದಿದ್ದರೆ ತಾವೇ ಮತ್ತೆ ತೆಗೆದುಕೊಳ್ಳುತ್ತಿದ್ದರು. ಮುಗಿಯುವುದು ಬೇಡವೆಂಬ ಹಾಗೆ. ಅವತ್ತು ಸ್ಮಶಾನದ ಗೇಟು ದಾಟಿ ಹೊರಗೆ ಬಂದವರು ಮತ್ತೆ ಒಳಗೆ ಹೋಗಿಲ್ಲ. ತಿಂಗಳಿಗೊಮ್ಮೆ ಭಾನುವಾರ ತಮ್ಮ ಹಳೇ ಕಾರಿನಲ್ಲಿ ಸೊಸೆಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ, ಗೇಟಿನ ಹೊರಗೆ ಕಾರಿಗೆ ಒರಗಿ ನಿಲ್ಲುತ್ತಾರೆ, ಅವಳು ಒಳಗೆ ಹೋಗಿ ಬರುತ್ತಾಳೆ. “ಹೇಗಿದೆ?” “ಚೆನ್ನಾಗಿದೆ ಮಾವ.” ಅವರು ತಲೆಯಾಡಿಸುತ್ತಾರೆ, ತಟ್ಟೆಗೆ ಬಡಿಸಿಕೊಂಡವರ ಹಾಗೆ. ಮಗನ ಬಗ್ಗೆ ಈ ಲೋಕದಲ್ಲಿ ಅವರಿಗೆ ಬರುವ ಸುದ್ದಿ ಅದೊಂದೇ, ಅದನ್ನು ತರುವವಳು ಅವಳೊಬ್ಬಳೇ. ಬರುವ ಭಾನುವಾರ ಸಮಾಧಿಗೆ ಹೆಸರಿನ ಕಲ್ಲು ನಿಲ್ಲಿಸುವ ದಿನ.

ಹಾಗಿರುವಾಗ ಅವಳು ಯಾಕೆ ಹಾಗೆ ಹೇಳಿದಳು? ಹೋದ ವಾರ ಮುದುಕರಿಗೆ ಮೆಟ್ಟಿಲು ಎಷ್ಟಿದೆ, ಕುರ್ಚಿ ಇದೆಯಾ ಎಂದು ನೋಡಿಕೊಂಡು ಬರಲು ಅವಳೊಬ್ಬಳೇ ಅಲ್ಲಿಗೆ ಹೋಗಿದ್ದಳು. ಎರಡನೇ ಕೋಣೆಯಲ್ಲಿ ಲೂಯಿಯ ಫೋಟೋ ಇತ್ತು. ಅದರ ಎದುರಿನ ಗಾಜಿನ ಪೆಟ್ಟಿಗೆಯಲ್ಲಿ ಮೂಳೆಯೊಂದಿದ್ದ ಜಾಡಿಯೂ ಇತ್ತು. ಫೋಟೋ ಇದೆ ಎಂಬುದನ್ನಷ್ಟೇ ಫೋನಿನಲ್ಲಿ ಹೇಳಿದಳು. ಒಂದು ಬಾಗಿಲ ಒಳಗೆ, ಒಂದೇ ಒಂದು ಸಲ, ಆ ಮನುಷ್ಯ ತನ್ನ ಪಕ್ಕದಲ್ಲಿ ನಿಂತಿರಲಿ ಎಂದು ಅನ್ನಿಸಿತ್ತು. ಇದು ಕಾರಣವೇ? ಕಾರಣದ ಹಾಗೆ ಕಾಣುತ್ತಿತ್ತು, ಅಷ್ಟೆ. ಈಚೆಗೆ ಅವಳ ಬಾಯಿಂದ ಮಾತುಗಳು ಅವಳನ್ನು ಕೇಳದೆ ಹೊರಗೆ ಹೋಗುತ್ತಿದ್ದವು, ಬಾಡಿಗೆಗಿದ್ದವರು ಹೇಳದೆ ಮನೆ ಖಾಲಿ ಮಾಡುವ ಹಾಗೆ.

ಸಂಗ್ರಹಾಲಯವೆಂದರೆ ಹಳೇ ಯೋಧರ ಸಂಘದ ಕಟ್ಟಡದ ಮೇಲುಮಹಡಿ. ಕಿರಿದಾದ ಮೆಟ್ಟಿಲು, ಎರಡು ಕೋಣೆ, ಮೇಣ ಹಚ್ಚಿದ ಮರದ ವಾಸನೆ. ಕೋಟಿನ ಎದೆಯ ಮೇಲೆ ಪದಕಗಳ ಸಾಲು ಕಟ್ಟಿಕೊಂಡ ವುಲ್ಫ್ ಗಾರ್ಫಿಂಕಲ್ ಬಾಗಿಲಲ್ಲೇ ನಿಂತಿದ್ದ. ಸಂತೆಯಲ್ಲಿ ಪರದೆ ಬಟ್ಟೆ ಮಾರಿ ನಿವೃತ್ತನಾದವನು, ಈಗ ಬರುವವರಿಗೆ ಇದನ್ನೆಲ್ಲ ತೋರಿಸುವವನು. ತೋರಿಸುವ ಧಾಟಿ ಮಾತ್ರ ಹಳೆಯದೇ.

“ಬನ್ನಿ ಬನ್ನಿ, ಹತ್ತಿರ ಬನ್ನಿ, ನೋಡೋದಕ್ಕೆ ಕಾಸಿಲ್ಲ. ಈ ಟೋಪಿ ನೋಡಿ, ಈ ತೂತು ನೋಡಿ. ಇದರೊಳಗಿದ್ದ ತಲೆ ಈಗಲೂ ಗೋಲ್ಡರ್ಸ್ ಗ್ರೀನಿನಲ್ಲಿ ಇಸ್ಪೀಟು ಆಡ್ತಿದೆ. ಏನಮ್ಮಾ, ನಂಬೋದಿಲ್ವಾ?”

“ಗೆಲ್ತಾನಾ?” ಎಂದಳು ಬ್ಲೂಮಾ.

“ಅದೊಂದು ಆಗ್ತಿಲ್ಲ.”

ಮ್ಯಾನಿ ಎಲ್ಲವನ್ನೂ ಬಗ್ಗಿ ಬಗ್ಗಿ ನೋಡುತ್ತಿದ್ದರು. ರಂಜಾನು, ಕ್ರಿಸ್ಮಸ್ಸು, ತಮ್ಮವರ ಪಸ್ಕ ಎಂದು ಯಾವ ಹಬ್ಬಕ್ಕೆ ಯಾರಿಗೆ ರಜೆ ಎಂದು ಬರೆದ ಹಳೇ ತಗಡಿನ ಫಲಕ, ಮರಳುಗಾಡಿನಲ್ಲಿ ಪಸ್ಕದ ಊಟಕ್ಕೆ ಕೂತ ಸೈನಿಕರ ಚಿತ್ರ, ಬೆವರಿಗೆ ಅಕ್ಷರ ಅಳಿಸಿದ ಅಂಗೈಯಗಲದ ಪ್ರಾರ್ಥನೆ ಪುಸ್ತಕ. ನೀವೆಲ್ಲಿದ್ರಿ ಸಾರ್ ಯುದ್ಧದಲ್ಲಿ, ಎಂದು ಗಾರ್ಫಿಂಕಲ್ ಕೇಳಿದಾಗ, “ಯಾರ್ಕ್‌ಶೈರಿನಲ್ಲಿ. ಯುದ್ಧ ಪೂರ್ತಿ ಆಲೂಗಡ್ಡೆ ಸುಲಿದೆ. ಹಿಟ್ಲರ್ ಆ ಕಡೆ ಬರೋ ಧೈರ್ಯ ಮಾಡಲಿಲ್ಲ,” ಎಂದರು. ಎಲ್ಲರೂ ನಕ್ಕರು. ಅವರ ಮುಖದಲ್ಲಿ ಅವಳು ಹನ್ನೊಂದು ತಿಂಗಳಿಂದ ನೋಡದಿದ್ದ ಒಂದು ಕೆಂಪು ಇತ್ತು. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು, ಅಲ್ಲಿಂದಲೇ ಗೋಡೆಯ ಮೇಲಿನ ಫೋಟೋದ ಒಂದು ಮೂಲೆ, ಮಡಿಚಿದ ತೋಳುಗಳ ಒಂದು ಸಾಲು ಕಾಣುತ್ತಿತ್ತು. ತಿರ್ಜಾ ಮುಂದೆ ಹೋಗಿ ಆ ಗಾಜಿನ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಳು. ತನ್ನ ಕೋಟು ಅಷ್ಟು ಅಗಲವಿಲ್ಲ ಎಂದು ಗೊತ್ತಿದ್ದೂ ನಿಂತಳು. ಮಾವ ಹೊಸ್ತಿಲು ದಾಟಿದರು. ಹ್ಯಾಟು ಸರಿಮಾಡಿಕೊಂಡು, ಗೋಡೆಯ ಕಡೆ ತಿರುಗಿದರು.

“ತಂಗೀ, ಸ್ವಲ್ಪ ಸರಿಯಮ್ಮ,” ಎಂದ ಗಾರ್ಫಿಂಕಲ್. “ನಮ್ಮ ಮುಖ್ಯ ವಸ್ತುವನ್ನೇ ಮರೆ ಮಾಡಿದ್ದೀಯ. ಎಲ್ಲರೂ ಈ ಕಡೆ! ಈ ಜಾಡಿಯೊಳಗಿರೋದು ಏನು ಹೇಳಿ? ಉಪ್ಪಿನಕಾಯಿ ಅಲ್ಲ. ಲಾನ್ಸ್ ಕಾರ್ಪೊರಲ್ ಹೈಮಿ ಸ್ಕ್ಲಾರ್ ಅವರ ಮಂಡಿಚಿಪ್ಪು! ಸ್ವಂತದ್ದು! ಹಾಲೆಂಡಿನಲ್ಲಿ ಗುಂಡು ಬಿತ್ತು. ಡಾಕ್ಟರ್ ಕಿತ್ತು ಬಿಸಾಕೋಕೆ ಹೋದ್ರೆ, ‘ಕೊಡ್ರಿ ಇಲ್ಲಿ, ನಮ್ಮಪ್ಪ ಅನ್ನ ಹಾಕಿ ಬೆಳೆಸಿದ್ದು’ ಅಂದ್ರಂತೆ. ಅಡುಗೆಮನೆ ಕಿಟಕಿ ಮೇಲೇ ಇಟ್ಕೊಂಡಿದ್ರು, ಹೆಂಡತಿ ಒಂದು ದಿನ ಇದೋ ನಾನೋ ಅನ್ನೋವರೆಗೆ.”

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಕೂಟದಲ್ಲಿ ಎಲ್ಲರಿಗೂ ಮ್ಯಾನಿಯ ಪ್ರಶ್ನೆ ಗೊತ್ತಿತ್ತು. ಅವರು ಫೋಟೋಕ್ಕೆ ಎರಡು ಹೆಜ್ಜೆ ದೂರದಲ್ಲಿ ನಿಂತು ಅಲ್ಲಿಂದಲೇ ಹಿಂದಕ್ಕೆ ತಿರುಗಿದ್ದರು. ಕೈಗಳನ್ನು ಎದೆಗೆ ಒತ್ತಿಕೊಂಡಿದ್ದರು, ಏನಾದರೂ ತಗುಲೀತೆಂಬ ಹಾಗೆ.

“ನಿಲ್ಲಿ, ನಿಲ್ಲಿ, ಮ್ಯಾನಿ, ಓಡಬೇಡಿ,” ಎಂದು ಕೋಲೆತ್ತಿದರು ನುಸ್ಸೆನ್ ಪರ್ಲೊ. ಮಕ್ಕಳಿಗೆ ಹೀಬ್ರೂ ಕಲಿಸಿ ಮುದುಕರಾದವರು, ವಾದವೆಂದರೆ ಬಿಸಿ ಸೂಪಿನಷ್ಟು ಇಷ್ಟ. “ಮೂಳೆ ಕಿತ್ತಾಗ ಮನುಷ್ಯ ಬದುಕಿದ್ದ. ಬದುಕಿದ್ದವನ ಮೂಳೆ, ಮೇಲೆ ಮಾಂಸ ಇಲ್ಲ. ಮೈಲಿಗೆ ಎಲ್ಲಿಂದ ಬಂತು?”

“ಈಗ ಬದುಕಿದ್ದಾನಾ?” ಬ್ಲೂಮಾ ಕೇಳಿದಳು.

“ಹೋದ ಹಬ್ಬದಲ್ಲಿ ತೀರ್ಕೊಂಡ್ರು,” ಎಂದ ಗಾರ್ಫಿಂಕಲ್, ತಪ್ಪು ಮಾಡಿದವನ ಹಾಗೆ.

“ಮತ್ತೆ! ಸತ್ತಿದ್ದಾನಲ್ಲ!”

“ಅವನು ಸತ್ತಿದ್ದಾನೆ ಕಣಮ್ಮ, ಮಂಡಿ ಅವನಿಗಿಂತ ಮೊದಲೇ ಅವನನ್ನ ಬಿಟ್ಟಿತ್ತು. ಅವನ ಸಾವಿಗೂ ಮಂಡಿಗೂ ಸಂಬಂಧ ಇಲ್ಲ,” ಎಂದರು ನುಸ್ಸೆನ್.

“ಹಾಗಾದ್ರೆ ಮಂಡಿ ಬದುಕಿದೆಯಾ? ಓಡಾಡ್ತಿದೆಯಾ?”

“ಜಾಡಿಯನ್ನೇ ಹೊರಗೆ ತಗೊಂಡು ಹೋಗ್ರಿ, ಮುಗೀತಲ್ಲ,” ಎಂದರು ಇನ್ಯಾರೋ. ಪೆಟ್ಟಿಗೆಯ ಬೀಗದ ಕೈ ಕಾರ್ಯದರ್ಶಿಯ ಹತ್ತಿರ ಇತ್ತು, ಕಾರ್ಯದರ್ಶಿ ಬೋರ್ನ್‌ಮತ್ತಿನಲ್ಲಿ ತಂಗಿಯ ಮನೆಯಲ್ಲಿದ್ದರು. ಒಂದು ದಿನ ಮೊದಲು ಹೇಳಿದ್ದರೆ ತೆಗೆಸಿಡ್ತಿದ್ದೆನಲ್ಲ, ಇಷ್ಟೇನಾ, ಎಂದ ಗಾರ್ಫಿಂಕಲ್. ಅದು ತಿರ್ಜಾಳ ಕಿವಿಗೆ ಬಿತ್ತು. ಫೋನಿನಲ್ಲಿ ಒಂದು ಮಾತು. ಕೇಳಬಹುದಿತ್ತು. ಕೇಳಿದರೆ ಜನ ಮಾಡಿಕೊಡುತ್ತಾರೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

“ತಿರ್ಜಾ, ನೀನು ಹೋದ ವಾರ ಬಂದಿದ್ದೆಯಲ್ಲ,” ಎಂದರು ಮ್ಯಾನಿ. ಸಿಟ್ಟಿನ ಧ್ವನಿಯಲ್ಲ. ತಾವು ಕನ್ನಡಕ ಎಲ್ಲಿಟ್ಟೆವು ಎಂದು ಕೇಳುವ ಧ್ವನಿ. ಅವಳಿಗೆ ನೋಡಲಿಲ್ಲ ಮಾವ, ಗಮನಿಸಲಿಲ್ಲ ಮಾವ ಎಂಬ ಮಾತು ತುಟಿಯವರೆಗೆ ಬಂದಿತ್ತು. ಗಾರ್ಫಿಂಕಲ್ ಅವಳಿಗೆ ಸಹಾಯ ಮಾಡಲೆಂದೇ ಬಾಯಿ ಹಾಕಿದ. “ಬಂದಿದ್ರಲ್ಲ! ಈ ಜಾಡಿ ಮುಂದೆ ನಿಂತು ಎಷ್ಟು ನಕ್ಕರು ಅಂತೀರಿ! ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು ಪಾಪ!”

ಹೌದು, ನಕ್ಕಿದ್ದಳು. ಅಪ್ಪ ಅನ್ನ ಹಾಕಿ ಬೆಳೆಸಿದ ಮಂಡಿ. ಏಪ್ರಿಲ್‌ನಿಂದೀಚೆಗೆ ನಕ್ಕಿದ್ದು ಅದೇ ಮೊದಲು. ಆಡ್ರಿಯನ್‌ಗೆ ಹೇಳಬೇಕು ಎಂದು ಮೆಟ್ಟಿಲಿಳಿಯುವವರೆಗೂ ಅಂದುಕೊಂಡಿದ್ದಳು.

ಮ್ಯಾನಿ ಹೊರಟರು. ಗೋಡೆಯ ಕಡೆ ಒಮ್ಮೆಯೂ ನೋಡಲಿಲ್ಲ. ಮೆಟ್ಟಿಲ ಮೇಲೆ ಅವರ ಹೆಜ್ಜೆ ಒಂದೊಂದಾಗಿ ಇಳಿದದ್ದು, ಕೆಳಗೆ ಬಾಗಿಲ ಗಂಟೆ ಅಲ್ಲಾಡಿದ್ದು ಎಲ್ಲರಿಗೂ ಕೇಳಿಸಿತು. ಮುದುಕಿಯರು ಅವಳ ಕಡೆ ನೋಡದಿರಲು ಬಹಳ ಕಷ್ಟಪಡುತ್ತಿದ್ದರು. ನುಸ್ಸೆನ್, ಶಾಸ್ತ್ರ ನನ್ನ ಕಡೆಗಿದೆ, ಎಂದು ಗೊಣಗಿದರು. ಬ್ಲೂಮಾ, “ಶಾಸ್ತ್ರ ನಿಮ್ಮ ಕಡೆಗಿರಲಿ, ನೀವು ಗೋಡೆ ಕಡೆಗಿರಿ,” ಎಂದು ಅವರನ್ನು ತಳ್ಳಿಕೊಂಡು ಹೊರಗಿನ ಕೋಣೆಗೆ ಹೋದಳು. ಹೋಗುತ್ತ ತಿರ್ಜಾಳ ಬೆನ್ನ ಮೇಲೆ ಒಮ್ಮೆ ಕೈಯಿಟ್ಟಳು, ಇಟ್ಟದ್ದು ಗೊತ್ತಾಗುವಷ್ಟರಲ್ಲಿ ತೆಗೆದಳು.

ಜಾಡಿಯ ಎದುರು ಅವಳೊಬ್ಬಳೇ ಉಳಿದಳು. ಹಳದಿಗಟ್ಟಿದ, ಬಟಾಣಿ ಹಿಟ್ಟಿನ ಬಿಸ್ಕತ್ತಿನಂಥ ಒಂದು ಸಣ್ಣ ವಸ್ತು. ಇದರ ಮೇಲೆ ಒಬ್ಬ ಮನುಷ್ಯ ಮಂಡಿಯೂರಿ ಮಗುವಿನ ಶೂ ಕಟ್ಟಿರಬಹುದು. ಕೆಳಗೆ ಹೋಗಬೇಕಿತ್ತು. ಹೋಗಲಾಗಲಿಲ್ಲ, ಮಾವನ ಸಿಟ್ಟಿಗೆ ಹೆದರಿ ಅಲ್ಲ. ಅವರು ಈಗ ರಸ್ತೆಯಲ್ಲಿ ನಿಂತು ಲೆಕ್ಕ ಹಾಕುತ್ತಿರುತ್ತಾರೆ. ಈ ಮಾತು ಸುಳ್ಳಾದರೆ ಉಳಿದವು? ಅವರು ಹೊರಗೆ ನಿಂತು, ಅವಳು ಒಳಗಿಂದ ಬಂದು ಹೇಳಿದ ಪ್ರತಿಯೊಂದು ‘ಚೆನ್ನಾಗಿದೆ’? ಮೊದಲ ಆರು ತಿಂಗಳು ಅವಳು ನಿಜವಾಗಿಯೂ ಹೋಗಿದ್ದಳು. ಅಕ್ಟೋಬರಿನಲ್ಲಿ ಒಂದು ದಿನ ಸ್ಮಶಾನದ ಪ್ರಾರ್ಥನೆಯ ಕಟ್ಟಡ ದಾಟಿದ ಮೇಲೆ ಕಾಲು ನಿಂತಿತು. ಅಷ್ಟೆ, ನಿಂತಿತು. ಅಳು ಬಂದಿರಲಿಲ್ಲ, ಏನೂ ಬಂದಿರಲಿಲ್ಲ. ಕಟ್ಟಡದ ಹಿಂದೆ ಒಂದು ಬೆಂಚಿತ್ತು, ಪಕ್ಕದಲ್ಲಿ ನಲ್ಲಿ, ಸಮಾಧಿ ನೋಡಿ ಹೊರಗೆ ಬರುವವರು ಕೈ ತೊಳೆದುಕೊಳ್ಳುವ ನಲ್ಲಿ. ಗೇಟಿನಿಂದ ಅದು ಕಾಣುವುದಿಲ್ಲ. ಅಲ್ಲಿ ಕೂತಳು, ಸಾಕಷ್ಟು ಹೊತ್ತು ಆಯಿತೆನಿಸಿದ ಮೇಲೆ ಎದ್ದು ಕೈ ತೊಳೆದಳು. ತೊಳೆದ ಕೈಯನ್ನು ಒರೆಸಿಕೊಳ್ಳುವ ರೂಢಿಯಿಲ್ಲ, ತಾನಾಗಿ ಆರಬೇಕು. ಆ ಒದ್ದೆ ಕೈಗಳನ್ನು ಕಂಡ ಕೂಡಲೇ ಮಾವ ಕಾರಿನ ಬಾಗಿಲು ತೆಗೆದಿದ್ದರು, ಹೇಗಿದೆ ಎಂದಿದ್ದರು. ಅಂದಿನಿಂದ ಪ್ರತಿ ತಿಂಗಳೂ ಹಾಗೇ. ಬೆಂಚು, ನಲ್ಲಿ, ಒದ್ದೆ ಕೈ, ಚೆನ್ನಾಗಿದೆ.

ಹೊರಗಿನ ಕೋಣೆಯಲ್ಲಿ ಏನೋ ಗಲಾಟೆ ಎದ್ದಿತ್ತು. ಗಾರ್ಫಿಂಕಲ್ ದುಡುದುಡು ಬಂದು, ಅವಳನ್ನು ನೋಡಿಯೂ ನೋಡದಂತೆ, ಗೋಡೆಯಿಂದ ಫುಟ್ಬಾಲ್ ತಂಡವನ್ನು ಇಳಿಸಿದ. “ಗಿರಾಕಿ ಅಂಗಡಿಯೊಳಗೆ ಬರೋದಿಲ್ಲ ಅಂದ್ರೆ ಸರಕನ್ನ ಬೀದಿಗೆ ತರಬೇಕು,” ಎಂದ. “ಮೂವತ್ತು ವರ್ಷ ಬೀದಿಯಲ್ಲೇ ಮಾರಿದವನು ನಾನು. ಬಾ ತಂಗೀ, ಆ ಟೋಪಿ ತಗೋ.”

ಅವಳು ತೂತಿನ ಟೋಪಿಯನ್ನು ಎದೆಗವಚಿಕೊಂಡು ಅವನ ಹಿಂದೆ ಇಳಿದಳು. ಮ್ಯಾನಿ ಬಾಗಿಲ ಹೊರಗಿನ ಕಲ್ಲಿನ ಮೆಟ್ಟಿಲಿನ ಮೇಲೆ ಕೂತಿದ್ದರು, ಸಬ್ಬತ್ತಿನ ಕೋಟಿನಲ್ಲಿ. ಬಸ್ಸಿನ ಚಾಲಕ ಎದುರು ನಿಂತು ಸಿಗರೇಟು ಸೇದುತ್ತಿದ್ದ. ಗಾರ್ಫಿಂಕಲ್ ರಸ್ತೆಯ ಅಂಚಿನಲ್ಲೇ ನಿಂತು, ಧ್ವನಿ ಏರಿಸಿ, ಮೊದಲಿನಿಂದ ಶುರು ಮಾಡಿದ. ಟೋಪಿ ಕೊಟ್ಟ, ತೂತಿನೊಳಗೆ ಬೆರಳು ಹಾಕಿಸಿದ. ಪ್ರಾರ್ಥನೆ ಪುಸ್ತಕ ಕೊಟ್ಟ. ಮರಳುಗಾಡಿನ ಪಸ್ಕದ ಚಿತ್ರ ಹಿಡಿದುಕೊಂಡು ಬ್ಲೂಮಾ ಇಳಿದು ಬಂದಳು, ಅವಳ ಹಿಂದೆ ಉಳಿದವರು, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ವಸ್ತು. ದಾರಿಹೋಕಳೊಬ್ಬಳು ನಿಂತು, ಈ ಕೊಳಲಿಗೆ ಎಷ್ಟು, ಎಂದು ಕೇಳಿದಳು. “ಅದು ಬ್ರಿಟಿಷ್ ಸೈನ್ಯದ ಕಹಳೆ ಕಣಮ್ಮ!” ಎಂದು ಗದರಿದರು ನುಸ್ಸೆನ್. ಮ್ಯಾನಿ ಎಲ್ಲವನ್ನೂ ಕೈಗೆ ತೆಗೆದುಕೊಂಡು, ನೋಡಿ, ವಾಪಸ್ಸು ಕೊಡುತ್ತಿದ್ದರು, ಶ್ರದ್ಧೆಯಿಂದ. ತಿರ್ಜಾಳ ಕಡೆ ನೋಡಲಿಲ್ಲ.

ಕೊನೆಗೆ ಗಾರ್ಫಿಂಕಲ್ ಫೋಟೋವನ್ನು ಅವರ ತೊಡೆಯ ಮೇಲಿಟ್ಟು, “ಚಹಾ! ಒಳಗೆ ಚಹಾ!” ಎಂದು ಉಳಿದವರನ್ನೆಲ್ಲ ಮಂದೆಯಂತೆ ಮೇಲಕ್ಕೆ ಅಟ್ಟಿದ.

ಹನ್ನೊಂದು ಹುಡುಗರು, ಮಡಿಚಿದ ತೋಳು, ಇಟಲಿಯ ಬೆಳಕಿಗೆ ಕಿರಿದಾದ ಕಣ್ಣು. ಮ್ಯಾನಿ ಒಬ್ಬನ ಮೇಲೆ ಉಗುರಿಟ್ಟರು. “ಲೂಯಿ. ಗೋಲು ಬಿಟ್ಟು ಉಳಿದ ಎಲ್ಲ ಕಡೆ ಒದೀತಿದ್ದ.” ಉಗುರು ಪಕ್ಕಕ್ಕೆ ಸರಿಯಿತು. “ಇವನು, ಇವನ ಪಕ್ಕದವನು, ಯುದ್ಧ ಮುಗಿದ ಮೇಲೆ ನಮ್ಮ ಮನೆಗೆ ಬಂದಿದ್ದ. ಅಮ್ಮ ಅವನಿಗೆ ಕೋಳಿ ಬೇಯಿಸಿ ಹಾಕಿದಳು, ಪಡಿತರದ ಕಾಲದಲ್ಲಿ. ಲೂಯಿ ಮಲಗಿರೋ ಜಾಗ ಹೇಗಿದೆ ಅಂತ ಕೇಳಿದಳು. ತುಂಬಾ ಚೆನ್ನಾಗಿದೆ, ಮೇಲೆ ಒಂದು ದೊಡ್ಡ ಮರ ಇದೆ, ನೆರಳಿದೆ ಅಂದ. ಒಳ್ಳೆ ಹುಡುಗ. ಅಮ್ಮ ಆ ಮರದ ಕೆಳಗೇ ಎಂಟು ವರ್ಷ ಬದುಕಿದಳು. ಎಲೆ ಉದುರೋ ಕಾಲ ಬಂದ್ರೆ, ಈಗ ಅವನ ಮೇಲೆ ಬೀಳ್ತಿರುತ್ತೆ ಅನ್ನೋಳು. ನಾನಂತೂ ಹೋಗೋ ಹಾಗಿರಲಿಲ್ಲ. ದುಡ್ಡು ಕೂಡಿಟ್ಟು, ಕೊನೆಗೆ ಅವಳೇ ಹೋಗಿಬಂದಳು. ಬಂದು ಒಂದು ವಾರ ಬಾಯಿ ಬಿಡಲಿಲ್ಲ. ಆಮೇಲೆ ಸಾರಿಗೆ ಉಪ್ಪು ಹಾಕ್ತಾ ಹಾಕ್ತಾ ಹೇಳಿದಳು. ಮರ ಇಲ್ಲ ಮ್ಯಾನಿ, ಬರೀ ಬಿಸಿಲು.”

ಚಾಲಕ ಸಿಗರೇಟು ಹೊಸಕಿ ಬಸ್ಸು ಹತ್ತಿದ. ಮೇಲೆ ಕಪ್ಪು ಬಸಿಗಳ ಸದ್ದು, ಬ್ಲೂಮಾಳ ನಗು.

“ಒಳಗೆ ಏನೂ ಇಲ್ಲ ಅಂತ ನೀನು ಯಾಕೆ ಹೇಳಿದೆ ಅಂತ ನನಗೆ ಗೊತ್ತು,” ಎಂದರು. “ನಾನು ಇವನನ್ನ ನೋಡಲಿ ಅಂತ. ಅದಕ್ಕೆ ನನಗೆ ಬೇಜಾರಿಲ್ಲ ಮಗೂ. ಬೇಜಾರು ಬೇರೆ. ಇಲ್ಲಿ ಕೂತ ಮೇಲೆ ಒಂದು ಯೋಚನೆ ಬಂತು, ಅದು ಹೋಗ್ತಾ ಇಲ್ಲ. ಆಡ್ರಿಯನ್ ಇರೋ ಜಾಗ ಹೇಗಿದೆ? ಇದ್ದ ಹಾಗೆ ಹೇಳು.”

ಅವಳು ಬಾಯಿ ತೆರೆದಳು. ಹುಲ್ಲು, ಎನ್ನಬಹುದಿತ್ತು. ಕಲ್ಲಿನವನು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ, ಎನ್ನಬಹುದಿತ್ತು. ಚಳಿಗಾಲ ಕಳೆದ ಮೇಲೆ ಅಲ್ಲಿ ಏನಿರಬಹುದೋ ಅದನ್ನೆಲ್ಲ ಊಹಿಸಿ ಹೇಳಬಹುದಿತ್ತು, ಅವಳು ಓದಿದವಳು, ಮಾತು ಜೋಡಿಸಲು ಬರುತ್ತಿತ್ತು. ಮುದುಕರ ಕಣ್ಣು ಫೋಟೋದ ಮೇಲೆಯೇ ಇತ್ತು, ಅವಳಿಗೆ ಕಷ್ಟವಾಗದಿರಲಿ ಎಂದು.

“ನಾನು ನೋಡಿಲ್ಲ ಮಾವ.”

ಅವರು ಕಾದರು.

“ಅಕ್ಟೋಬರಿನಿಂದ ಹೋಗಿಲ್ಲ. ಪ್ರಾರ್ಥನೆ ಕಟ್ಟಡದ ಹಿಂದೆ ಕೂತಿದ್ದು ಬರ್ತೀನಿ. ಕೈ ತೊಳ್ಕೊಂಡು ಬರ್ತೀನಿ. ಹೋಗೋಕೆ ಆಗೋದಿಲ್ಲ. ಯಾಕೆ ಅಂತ ಗೊತ್ತಿಲ್ಲ. ನಿಮ್ಮ ಹಾಗೆ ಕಟ್ಟುಪಾಡೂ ಇಲ್ಲ ನನಗೆ.”

ಮ್ಯಾನಿ ಫೋಟೋವನ್ನು ಬೋರಲು ಮಾಡಿದರು, ಮತ್ತೆ ನೆಟ್ಟಗೆ ಮಾಡಿದರು. ಅವರ ಬಾಯಿ ಎರಡು ಮೂರು ಸಲ ಏನನ್ನೋ ಅಗಿದಂತೆ ಅಲ್ಲಾಡಿತು. “ಹಾಗಾದ್ರೆ ಚಳಿಗಾಲ ಪೂರ್ತಿ,” ಎಂದರು. “ನಾನು ಗೇಟಿನ ಆಚೆ. ನೀನು ಗೋಡೆಯ ಹಿಂದೆ. ಅವನು ಒಬ್ಬನೇ.”

“ಹೂಂ.”

“ಅಯ್ಯೋ,” ಎಂದರು, “ಅಯ್ಯೋ, ಅಯ್ಯೋ,” ಮತ್ತು ಅವರ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆಂದು ಅವಳು ಬಗ್ಗಿದಳು. ನಗುತ್ತಿದ್ದರು, ಅಳುತ್ತಲೂ ಇದ್ದರು. “ಅವನು ಎಷ್ಟು ನಗ್ತಿರಬೇಕು. ಇಬ್ಬರು ದೊಡ್ಡ ಮನುಷ್ಯರು, ತಿಂಗಳಿಗೊಮ್ಮೆ, ಪೆಟ್ರೋಲ್ ಹಾಕಿಸ್ಕೊಂಡು, ಒಳ್ಳೆ ಬಟ್ಟೆ ಹಾಕ್ಕೊಂಡು ಬಂದು, ಒಬ್ಬರೂ ಬಾಗಿಲು ತಟ್ಟದೆ ಹೋಗೋದು.” ಕರವಸ್ತ್ರ ತೆಗೆದು ಮೂಗು ಸೀಟಿದರು, ಬಹಳ ಜೋರಾಗಿ. ಬಸ್ಸಿನೊಳಗಿಂದ ಚಾಲಕ ತಿರುಗಿ ನೋಡಿದ. “ಭಾನುವಾರ ಹೋಗ್ಲೇಬೇಕಾಗುತ್ತೆ. ಬ್ಲೂಮಾನ ಜೊತೆಗೆ ಕರ್ಕೊಂಡು ಹೋಗು. ಕಾಲು ನಿಂತ್ರೆ ಅವಳು ನಿಲ್ಲೋಕೆ ಬಿಡೋದಿಲ್ಲ. ಬಂದು ನನಗೆ ಹೇಳು, ಕಲ್ಲು ಸೊಟ್ಟ ಇದ್ರೆ ಸೊಟ್ಟ ಅನ್ನು. ಚೆನ್ನಾಗಿದೆ ಅನ್ನೋ ಮಾತು ಮಾತ್ರ ಬೇಡ. ಆ ಮಾತು ನಮ್ಮ ಮನೆಯಲ್ಲಿ ಸಾಕು.”

ಅವಳು ತಲೆಯಾಡಿಸಿದಳು. ಮ್ಯಾನಿ ಮೆಟ್ಟಿಲಿನ ಮೇಲೆ ಒಂದು ಪಕ್ಕಕ್ಕೆ ಸರಿದು, ಕೋಟಿನ ತುದಿಯನ್ನು ಎಳೆದು ಕಲ್ಲಿನ ಮೇಲೆ ಹರಡಿ, ಅಲ್ಲಿ ಕೂರೆಂದು ಕೈ ತಟ್ಟಿದರು. ಅವಳು ಕೂತಳು. ಮೇಲಿನಿಂದ ಬ್ಲೂಮಾ, “ಮೀನುಂಡೆ ಮುಗೀತಾ ಇದೆ! ಆಮೇಲೆ ನನ್ನ ಬೈಬೇಡಿ!” ಎಂದು ಕೂಗಿದಳು. ಇಬ್ಬರೂ ಏಳಲಿಲ್ಲ.

“ಸರಿ,” ಎಂದರು ಮಾವ, ಫೋಟೋವನ್ನು ಇಬ್ಬರ ತೊಡೆಗಳ ಮೇಲೂ ಬರುವಂತೆ ಸರಿಸಿ. “ನೋಡಿದ್ದನ್ನ ಹೇಳು. ಆ ಬೆಂಚು ಮರದ್ದಾ, ಕಲ್ಲಿನದ್ದಾ?”

“ಕಲ್ಲಿನದು ಮಾವ. ತುಂಬಾ ತಣ್ಣಗಿರುತ್ತೆ.”